ಗಿಳಿಯ ಎಡಗಡೆ ಮಡ್‌ಗಾರ್ಡು

ಆ ಟಿಂಕರಿಂಗ್ ಶೆಡ್ಡಿನಲ್ಲಿ ಎರಡು ಸಂಗತಿಗಳ ಬಗ್ಗೆ ಯಾರೂ ವಾದ ಹೂಡುವಂತಿರಲಿಲ್ಲ. ಒಂದು, ಕಣ್ಣಳತೆ ಮೇಸ್ತ್ರಿಯ ಕಣ್ಣು ಇಲ್ಲಿಯವರೆಗೆ ಒಂದು ನೂಲೆಳೆಯಷ್ಟೂ ತಪ್ಪಿಲ್ಲ. ಎರಡು, ಒಂದೇ ಒಂದು ಸಲ ಆ ಕಣ್ಣನ್ನು ಅನುಮಾನಿಸಿದ ಅವನ ಒಡಹುಟ್ಟಿದ ಅಣ್ಣ ಮೂರೇ ದಿನದಲ್ಲಿ ಸೋಲೊಪ್ಪಿ ದಾರಿಗೆ ಬಂದ. ಎರಡನ್ನೂ ಹೇಳುತ್ತಿದ್ದವನು ಮೇಸ್ತ್ರಿಯೇ. ಕೇಳುತ್ತಿದ್ದವರು ರಿಪೇರಿಗೆ ಬಂದ ಗಿರಾಕಿಗಳು. ಗಾಡಿ ಒಳಗೆ ಬಿಚ್ಚಿಕೊಂಡು ಬಿದ್ದಿರುವಾಗ ಯಾರು ತಾನೇ ಎದುರು ಮಾತಾಡುತ್ತಾರೆ?

ಮೇಸ್ತ್ರಿಗೆ ಎಪ್ಪತ್ತನಾಲ್ಕು. ಶೆಡ್ಡು ಈಗ ಮಗಳದು. ಅವಳದು ಈ ಕಾಲದ ಕೆಲಸ. ಗುದ್ದಿಸಿಕೊಂಡು ಬಂದ ಕಾರಿನ ತಗ್ಗಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಸಂಜೆಯೊಳಗೆ ಕಳಿಸಿಬಿಡುತ್ತಾಳೆ. ಮೂಲೆಯ ಬೆಂಚಿನ ಮೇಲೆ ಕೂತ ಮೇಸ್ತ್ರಿ, "ಇದೇನು ತಗಡಿನ ಕೆಲಸವಾ? ಗೋಡೆಗೆ ಗಾರೆ ಮೆತ್ತೋದು," ಎಂದು ದಿನಕ್ಕೆ ನಾಲ್ಕು ಸಲವಾದರೂ ಗೊಣಗುತ್ತಾನೆ. ಅವಳಿಗೂ ನಾಲಿಗೆ ಇದೆ. "ಗಾರೆ ಮೆತ್ತಿದ್ದಕ್ಕೇ ನಿನ್ನ ಕಾಫಿಗೆ ಹಾಲು ಬೀಳ್ತಿರೋದು, ಸುಮ್ನೆ ಕುಡಿ," ಅನ್ನುತ್ತಾಳೆ. ಜೀವನವಿಡೀ ತಗಡು ಬಡಿದು ಮಂದವಾದ ಕಿವಿ ಅವನದು. ತನಗೆ ಬೇಡದ ಮಾತು ಬಂದಾಗ ಅದು ಇನ್ನಷ್ಟು ಮಂದವಾಗುತ್ತದೆ.

ಒಂದು ಬೆಳಗ್ಗೆ ಶೆಡ್ಡಿನ ಮುಂದೆ ಲಾರಿಯೊಂದು ಬಂದು ನಿಂತಿತು. ಮೇಲೆ ಟಾರ್ಪಾಲು ಹೊದ್ದ ಏನೋ ಒಂದು. ಡ್ರೈವರನ ಪಕ್ಕದಿಂದ ಇಳಿದವಳು ಪೇಟೆಬೀದಿಯ ಹಲ್ಲಿನ ಡಾಕ್ಟರು. ಐವತ್ತರ ಹತ್ತಿರದ ಹೆಂಗಸು, ಊರಿನ ಅರ್ಧ ಬಾಯಿಗಳ ಗುಟ್ಟು ಬಲ್ಲವಳು. ಮೇಸ್ತ್ರಿಯ ಎರಡು ದವಡೆ ಹಲ್ಲುಗಳನ್ನು ಕಿತ್ತವಳೂ ಅವಳೇ.

"ಮೇಸ್ತ್ರಿಗಳೇ, ಈ ಸಲ ಬಾಯಿ ತೆಗೀರಿ ಅನ್ನಲ್ಲ. ಕಣ್ಣು ಬಿಟ್ಟು ನೋಡಿ ಸಾಕು," ಎಂದು ಟಾರ್ಪಾಲು ಎಳೆದಳು.

ಹಸಿರು. ಬಿಸಿಲಿಗೆ ಮಾಸಿ, ಅಲ್ಲಲ್ಲಿ ಚಕ್ಕೆಯೆದ್ದ ಹಸಿರು. ಮೇಸ್ತ್ರಿ ಬೆಂಚಿನಿಂದ ಎದ್ದದ್ದು ಅವನಿಗೇ ತಿಳಿಯಲಿಲ್ಲ.

"ಗಿಳಿ," ಅಂದ.

ಹೌದು, ಗಿಳಿಯೇ. ಕಾಗದದ ಮೇಲೆ ಆ ಗಾಡಿಗೆ ಏನೋ ದೊಡ್ಡ ಹೆಸರಿತ್ತು, ಮೂತಿಯ ಮೇಲೆ ಹಿತ್ತಾಳೆ ಅಕ್ಷರಗಳಲ್ಲಿ ಅದನ್ನು ಕೂರಿಸಿಯೂ ಇದ್ದರು. ಅದನ್ನು ಮಾಡುತ್ತಿದ್ದ ಕಾರ್ಖಾನೆಯ ಒಳಗೆ ಮಾತ್ರ ಆ ಹೆಸರನ್ನು ಯಾರೂ ಬಾಯಲ್ಲಿ ಹೇಳಿದ್ದಿಲ್ಲ. ಯುದ್ಧ ಮುಗಿದ ಹೊಸತು ಅದು. ಉಕ್ಕು ಬೇಕೆಂದರೆ ಸರಕಾರದ ಚೀಟಿ ಬೇಕು, ಚೀಟಿ ಸಿಕ್ಕಿದರೆ ಉಕ್ಕಿಲ್ಲ. ವಿಮಾನಗಳಿಗೆಂದು ತಯಾರಾದ ಅಲ್ಯೂಮಿನಿಯಂ ತಗಡು ಮಾತ್ರ ಗೋದಾಮುಗಳಲ್ಲಿ ರಾಶಿ ಬಿದ್ದಿತ್ತು. ವಿಮಾನದ ಒಳಮೈಗೆ ಬಳಿಯುವ ಹಸಿರು ಬಣ್ಣವೂ ಡಬ್ಬಗಟ್ಟಲೆ ಉಳಿದಿತ್ತು. ಯುದ್ಧವೇ ಇಲ್ಲವೆಂದ ಮೇಲೆ ಅವನ್ನು ಕೇಳುವವರು ಯಾರು? ಕಾರ್ಖಾನೆಯ ಯಜಮಾನ ಎರಡನ್ನೂ ಅಗ್ಗದಲ್ಲಿ ಹೊತ್ತು ತಂದ. ಸಂಸಾರಸ್ಥರ ಕಾರಿನ ಸಾಧಾರಣ ಎಂಜಿನ್ನೊಂದನ್ನು ತಂದು, ಅದನ್ನು ಸ್ವಲ್ಪ ಕೆಣಕಿ ಚುರುಕು ಮಾಡಿ, ಉದ್ದ ಮೂತಿಯ, ಗಿಡ್ಡ ಬೆನ್ನಿನ, ಇಬ್ಬರಿಗಷ್ಟೇ ಜಾಗವಿರುವ ಗಾಡಿ ಮಾಡಿಸಿದ. ಬಣ್ಣ ಬೇರೆ ಇರಲಿಲ್ಲವಾಗಿ ಎಲ್ಲವೂ ಹಸಿರೇ. ಹಾಗಾಗಿ ಗಿಳಿ.

ನೆಟ್ಟಗೆ ಯೋಚಿಸುವವರು ಕೊಳ್ಳುವ ಗಾಡಿಯಲ್ಲ ಅದು. ತಲೆಯ ಮೇಲೆ ಸೂರಿಲ್ಲ, ಕಿಟಕಿಗೆ ಗಾಜಿಲ್ಲ. ಮಳೆ ಬಂದರೆ ಇಳಿದು ಕ್ಯಾನ್ವಾಸು ಕಟ್ಟಬೇಕು, ಕಟ್ಟಿಯೂ ನೆನೆಯಬೇಕು. ಬಾಗಿಲು ಎಷ್ಟು ಗಿಡ್ಡವೆಂದರೆ ಕೂತಲ್ಲಿಂದಲೇ ಕೈ ಚಾಚಿ ರಸ್ತೆಯ ಕಲ್ಲು ಹೆಕ್ಕಬಹುದು. ಸಾಮಾನಿಗೆ ಒಂದು ಕೈಚೀಲದಷ್ಟು ಜಾಗ. ಆದರೆ ವರ್ಷಗಟ್ಟಲೆ ರೇಷನ್ನಿಗೆ ಸಾಲು ನಿಂತು, ಕಿಟಕಿಗೆ ಕಪ್ಪು ಕಾಗದ ಅಂಟಿಸಿಕೊಂಡು ಬದುಕಿದ ಜನಕ್ಕೆ ನೆಟ್ಟಗೆ ಯೋಚಿಸಿ ಯೋಚಿಸಿ ಸಾಕಾಗಿತ್ತು. ಅವರಿಗೆ ಮುಖಕ್ಕೆ ಗಾಳಿ ಬೇಕಿತ್ತು. ಸ್ಟೀರಿಂಗಿನ ಹಿಂದೆ ಕೂತರೆ ಉದ್ದನೆಯ ಬಾನೆಟ್ಟಿನ ಆಚೀಚೆ ಎರಡು ಮಡ್‌ಗಾರ್ಡುಗಳು ಭುಜ ಎತ್ತಿಕೊಂಡು ಮುಂದೆ ಮುಂದೆ ಓಡುವುದು ಕಾಣುತ್ತಿತ್ತು. ಆ ಭುಜಗಳನ್ನು ನೋಡಿಯೇ ಜನ ಮರುಳಾದದ್ದು.

ಆ ಭುಜಗಳಲ್ಲಿ ಬಲಗಡೆಯದು ನಮ್ಮ ಮೇಸ್ತ್ರಿಯ ಕೆಲಸ, ಎಡಗಡೆಯದು ಅವನ ಅಣ್ಣನದು. ವಾರಕ್ಕೆ ಒಂದು ಗಾಡಿಯಂತೆ ಹದಿನಾರು ವರ್ಷ.

ಮೇಸ್ತ್ರಿ ಲಾರಿ ಹತ್ತಿ ಬಲಗಡೆ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಹಿಂದಕ್ಕೂ ಮುಂದಕ್ಕೂ ಸವರಿದ. ಯಾರು ಏನೇ ಹೇಳಲಿ, ತಾನು ಮಾಡಿದ ವಸ್ತು ಕೈಗೆ ತಿಳಿಯುತ್ತದೆ. ಅವನ ಕಣ್ಣು ತುಂಬಿತು. ಮಗಳು ನೋಡಿಯೂ ನೋಡದವಳಂತೆ ಹಗ್ಗ ಬಿಚ್ಚತೊಡಗಿದಳು.

"ನಮ್ಮಪ್ಪ ತಗೊಂಡಾಗ ನನಗೆ ಆರು ವರ್ಷ," ಎಂದಳು ಡಾಕ್ಟರು. "ಅವರು ಹೋದ್ಮೇಲೆ ಮನೆ ಶೆಡ್ಡಲ್ಲೇ ಇತ್ತು. ಹೋದ ತಿಂಗಳು ಛಾವಣಿ ತೊಲೆ ಮುರಿದು ಇದರ ಮೇಲೇ ಬಿತ್ತು. ಬಲಗಡೆ ಒಂದು ಗೀರೂ ಇಲ್ಲ. ಎಡಗಡೆ ನೋಡಿ."

ಎಡಗಡೆಯ ಮಡ್‌ಗಾರ್ಡು ಮುದುಡಿ ಎಸೆದ ಕಾಗದದ ಹಾಗಿತ್ತು. ತಗಡು ಸೀಳಿ ಎರಡು ಕಡೆ ಒಳಗಿನ ಚಕ್ರ ಕಾಣುತ್ತಿತ್ತು.

"ಹೊಸದೇ ಮಾಡ್ಬೇಕು," ಎಂದ ಮೇಸ್ತ್ರಿ.

"ಮಾಡಿ. ಅದಕ್ಕೇ ಬಂದಿದ್ದು."

"ನಾನು ಬಲಗಡೆಯವನು, ಡಾಕ್ಟ್ರಮ್ಮ."

ಡಾಕ್ಟರಿಗೆ ನಗು ಬಂತು. "ಇದೊಳ್ಳೆ ಚೆನ್ನಾಯ್ತು. ನಾನೂ ಎಡಗಡೆ ಹಲ್ಲು ಮುಟ್ಟಲ್ಲ ಅಂದ್ರೆ ನೀವು ಬಿಡ್ತಿದ್ರಾ?"

"ಎಡಗಡೆ ನಮ್ಮಣ್ಣ ಮಾಡ್ತಿದ್ದ. ಅವನಿಲ್ಲ ಈಗ."

"ಹಾಗಾದ್ರೆ ಗಿಳಿ ಮಾಡೋಕೆ ಗೊತ್ತಿರೋರು ಬೇರೆ ಯಾರಿದಾರೆ?"

ಯಾರೂ ಇರಲಿಲ್ಲ. ಅಳಿದೂರಿಗೆ ಉಳಿದವನೇ ಗೌಡ. ಮೇಸ್ತ್ರಿ ಮೀಸೆಯ ಮೇಲೆ ಬೆರಳಾಡಿಸಿಕೊಂಡು, "ಆಗ್ಲಿ. ಬಲಗಡೇದನ್ನ ನೋಡ್ಕೊಂಡು ಕಣ್ಣಳತೇಲೇ ಎಬ್ಬಿಸ್ತೀನಿ. ನನಗೇನು ಕೋಲು ಬೇಕಾ?" ಎಂದ.

ಮೂರು ದಿನ ಬಡಿದ. ಹಳೆಯ ಕ್ರಮದಲ್ಲೇ ತಗಡಿಗೆ ಸಾಬೂನು ಸವರಿ ಬೆಂಕಿ ತೋರಿಸಿದ. ಸಾಬೂನು ಕಪ್ಪಗಾದರೆ ತಗಡು ಮೆತ್ತಗಾಯಿತೆಂದು ಲೆಕ್ಕ. ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಒಂದೇ ಸಮ ತಟ್ಟಿದ. ಬೀದಿಯ ಜನ ನಿಂತು ನೋಡಿ ಹೋದರು. ನಾಲ್ಕನೆಯ ಬೆಳಗ್ಗೆ ಮಗಳು ಕಾಫಿ ತಂದವಳು ಲೋಟ ಹಿಡಿದುಕೊಂಡೇ ತಲೆ ವಾರೆ ಮಾಡಿ ನೋಡಿದಳು.

"ಅಪ್ಪ, ಇದು ಬಲಗಡೇದೇ ಆಯ್ತಲ್ಲ?"

ಆಗಿತ್ತು. ಕಣ್ಣು ಎಡಗಡೆ ಎಂದು ಹೇಳುತ್ತಲೇ ಇತ್ತು, ಕೈ ತನಗೆ ಗೊತ್ತಿದ್ದನ್ನೇ ಮಾಡಿತ್ತು. ಎಂಟುನೂರು ಬಲಗಡೆ ಮಾಡಿದ ಕೈ ಎಂಟುನೂರ ಒಂದನೆಯದನ್ನೂ ಮಾಡಿ ಮುಗಿಸಿತ್ತು. ಮಗಳು ಬಾಯಿಗೆ ಸೆರಗು ಹಿಡಿದು ನಕ್ಕಳು, ಆಮೇಲೆ ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು.

"ಇದಕ್ಕೆ ಅಚ್ಚು ಅಂತ ಏನೂ ಇರಲಿಲ್ವಾ?"

"ಮರ ಇತ್ತು," ಎಂದ ಮೇಸ್ತ್ರಿ. "ನಿಮ್ಮ ದೊಡ್ಡಪ್ಪನ ಮನೇಲಿದೆ."

ಆ ಮರದ ಕಥೆಯನ್ನು ಇಲ್ಲಿ ಹೇಳಲೇಬೇಕು. ಗಿಳಿಯ ಒಂದೊಂದು ಭಾಗಕ್ಕೂ ಬಡಗಿ ಗಟ್ಟಿ ಮರದಲ್ಲಿ ಒಂದೊಂದು ಅಚ್ಚು ಕೆತ್ತಿಟ್ಟಿದ್ದ. ತಗಡನ್ನು ತಟ್ಟಿ ತಟ್ಟಿ ಆ ಅಚ್ಚಿನ ಮೇಲೆ ಹೊದಿಸಿ ನೋಡಬೇಕು, ಎಲ್ಲಿ ಎದ್ದಿದೆ, ಎಲ್ಲಿ ತಗ್ಗಿದೆ ಎಂದು ತಿಳಿದು ಮತ್ತೆ ತಟ್ಟಬೇಕು. ಇದಕ್ಕೆ "ಮರಕ್ಕೆ ಕೇಳೋದು" ಎನ್ನುತ್ತಿದ್ದರು. ಮಡ್‌ಗಾರ್ಡು ಗಾಡಿಗೆ ಏರಿದ ಮೇಲೆ ಇನ್ನೊಂದು ಪದ್ಧತಿ. ಮಾಡಿದವನು ತನ್ನದನ್ನು ತಾನೇ ಚೆನ್ನಾಗಿದೆ ಅನ್ನುವ ಹಾಗಿಲ್ಲ; ಹೆತ್ತವರಿಗೆ ಹೆಗ್ಗಣ ಮುದ್ದು. ಗಾಡಿಯ ಆಚೆ ಬದಿ ನಿಂತವನು ದಿಟ್ಟಿಸಿ ನೋಡಿ, "ಕೂತಿತು" ಅನ್ನಬೇಕು. ಆ ಒಂದು ಮಾತು ಬಿದ್ದ ಮೇಲೆಯೇ ಬಣ್ಣದವರು ಗಾಡಿ ಮುಟ್ಟುತ್ತಿದ್ದದ್ದು. ಎಡಗಡೆಯದಕ್ಕೆ ತಮ್ಮ ಹೇಳಬೇಕು, ಬಲಗಡೆಯದಕ್ಕೆ ಅಣ್ಣ.

ತಮ್ಮನಿಗೆ ಕೊಡತಿ ಹಿಡಿಯುವುದನ್ನು ಕಲಿಸಿದವನು ಅಣ್ಣನೇ. ಕಲಿತ ನಾಲ್ಕೇ ವರ್ಷಕ್ಕೆ ತಮ್ಮನ ಕೈ ಓಡತೊಡಗಿತು, ಹೊಗಳುವವರು ಹುಟ್ಟಿಕೊಂಡರು, ಕಣ್ಣಳತೆ ಎಂಬ ಅಡ್ಡಹೆಸರು ಬಂತು. ಹೆಸರು ಬಂದ ಮೇಲೆ ಅದನ್ನು ಉಳಿಸಿಕೊಳ್ಳಬೇಡವೇ? ಅವನು ಮರಕ್ಕೆ ಕೇಳುವುದನ್ನೇ ಬಿಟ್ಟ. ಹೀಗಿರುವಾಗ, ಅವನಿಗೆ ಇಪ್ಪತ್ತಾರು ತುಂಬಿದ ವರ್ಷ, ಒಬ್ಬ ಗಿರಾಕಿ ಗಾಡಿಯನ್ನು ವಾಪಸು ತಂದು ಅಂಗಳದಲ್ಲಿ ನಿಲ್ಲಿಸಿದ. "ಇದು ಒಂದು ಹುಬ್ಬು ಎತ್ತಿಕೊಂಡು ನನ್ನನ್ನೇ ನೋಡುತ್ತೆ," ಎಂದು ದೂರು. ಎರಡು ಮಡ್‌ಗಾರ್ಡುಗಳಲ್ಲಿ ಒಂದು ಎತ್ತರ, ಒಂದು ತಗ್ಗು. ಯಜಮಾನ ಕೆಂಡವಾದ. ಸೋಮವಾರ ಬಂದು ಅಂಗಳದಲ್ಲಿರುವ ಐದೂ ಗಾಡಿಗಳಿಗೆ ಹಲಗೆ ಅಡ್ಡ ಇಟ್ಟು ನೋಡುತ್ತೇನೆ, ತಪ್ಪಿದೆ ಎಂದು ಕಂಡರೆ ಮರದ ಮೇಲಿಟ್ಟು ಯಾರ ಕಡೆ ತಪ್ಪಿದೆಯೋ ಅವನನ್ನು ಮನೆಗೆ ಕಳಿಸುತ್ತೇನೆ ಎಂದು ಹೇಳಿ ಹೋದ.

ಅದು ಶುಕ್ರವಾರ. ಅಂದು ಮಧ್ಯಾಹ್ನ ತಮ್ಮ ಹೊಸದೊಂದನ್ನು ಏರಿಸಿ ಅಣ್ಣನ ಮಾತಿಗೆ ಕಾದು ನಿಂತ. ಅಣ್ಣ ಬಗ್ಗಿ ನೋಡಿದ, ಎದ್ದು ನೋಡಿದ.

"ಕೂತಿಲ್ಲ," ಅಂದ. "ಮರಕ್ಕೆ ಕೇಳಿದ್ಯಾ?"

ನಲವತ್ತು ಜನರ ಎದುರು. ತಮ್ಮನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಕಣ್ಣಿಲ್ಲದೋನಿಗೆ ಕೋಲು ಬೇಕು. ನನಗ್ಯಾಕೆ? ತಪ್ಪಿರೋದು ನಿನ್ನ ಕಡೆ. ಬೇಕಾದ್ರೆ ತಿದ್ಕೋ," ಎಂದುಬಿಟ್ಟ. ಅಣ್ಣ ಕೊಡತಿಯನ್ನು ಬೆಂಚಿನ ಮೇಲಿಟ್ಟು ಹೊರಗೆ ಹೋದ.

ಸೋಮವಾರ ಯಜಮಾನ ಬಂದ. ಎರಡು ಮಡ್‌ಗಾರ್ಡುಗಳ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ರಸಮಟ್ಟ ಇಟ್ಟ. ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು. ಐದು ಗಾಡಿಗಳಲ್ಲೂ ನಡುವೆಯೇ. ಯಜಮಾನ ತಣ್ಣಗಾಗಿ, ಮರದ ಗೊಡವೆಗೂ ಹೋಗದೆ ಹೊರಟುಹೋದ. ಆಗ ಅಣ್ಣ ತಮ್ಮನ ಮಡ್‌ಗಾರ್ಡಿನ ಕಡೆ ನೋಡಿ, "ಕೂತಿತು," ಅಂದ.

ಕಣ್ಣಳತೆಗೆ ಇನ್ನೇನು ಬೇಕು? ಅಣ್ಣ ಸದ್ದಿಲ್ಲದೆ ತನ್ನ ಎಡಗಡೆಗಳನ್ನು ತಿದ್ದಿಕೊಂಡಿದ್ದಾನೆ. ತಿದ್ದಿಕೊಂಡ ಎಂದರೆ ತಪ್ಪು ಅವನದೇ ಎಂದಾಯಿತಲ್ಲ! ಆದರೆ ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಳ್ಳುವವರೆಗೆ ಮಾತಿಲ್ಲ ಎಂದು ತಮ್ಮ ಪಟ್ಟು ಹಿಡಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಾರ್ಖಾನೆ ಮುಚ್ಚುವವರೆಗೆ ಹತ್ತು ವರ್ಷ ಇಬ್ಬರೂ ಒಂದೇ ಗಾಡಿಯ ಆಚೀಚೆ ನಿಂತು ದುಡಿದರು. ಅಣ್ಣ ಪ್ರತಿ ವಾರ "ಕೂತಿತು" ಎಂದ. ತಮ್ಮ ಒಂದು ದಿನವೂ ಅನ್ನಲಿಲ್ಲ. ಅವನ ಮಾತಿನ ಬದಲು ರಸಮಟ್ಟ ಇಟ್ಟು ನೋಡಿ ಗಾಡಿ ಬಣ್ಣಕ್ಕೆ ಹೋಗುತ್ತಿತ್ತು. ಸುತ್ತಿಗೆ ಬೇಕಿದ್ದರೂ, "ಅತ್ತಿಗೆ, ಆ ಸುತ್ತಿಗೆ ಕೊಡೋಕೆ ಹೇಳಿ," ಎಂದು ಸೀಟು ಹೊಲಿಯುವ ವಿಭಾಗದಲ್ಲಿದ್ದ ಅಣ್ಣನ ಹೆಂಡತಿಯನ್ನು ಕೂಗುತ್ತಿದ್ದ. ಆಮೇಲೆ ಬೇರೆ ಊರಿನಲ್ಲಿ ನಿಮಿಷಕ್ಕೊಂದು ಮಡ್‌ಗಾರ್ಡು ಒತ್ತುವ ಯಂತ್ರ ಬಂತು, ಮೇಲೆ ಸೂರಿರುವ, ಮಳೆಗೆ ಸೋರದ ಅಗ್ಗದ ಕಾರುಗಳು ಬಂದವು. ಗಿಳಿಗೆ ಗಿರಾಕಿಯಿಲ್ಲ. ಕಾರ್ಖಾನೆಗೆ ಬೀಗ ಬಿದ್ದ ದಿನ ಅಣ್ಣ ಎರಡು ಮಡ್‌ಗಾರ್ಡುಗಳ ಮರವನ್ನೂ ಕೈಗಾಡಿಯಲ್ಲಿ ಹೇರಿಕೊಂಡು ರೈಲು ಗೇಟಿನಾಚೆಯ ತನ್ನ ಮನೆಗೆ ಹೋದದ್ದನ್ನು ತಮ್ಮ ದೂರದಿಂದ ನೋಡಿದ್ದ. ಒಂಬತ್ತು ವರ್ಷದ ಹಿಂದೆ ಅಣ್ಣ ತೀರಿಕೊಂಡಾಗ ಹೋದವನು ಬಾಗಿಲಲ್ಲೇ ನಿಂತು ಬಂದಿದ್ದ.

ಈಗ ಆ ಮರ ಬೇಕು. ಮೇಸ್ತ್ರಿ ಎರಡು ದಿನ ಮೀನಮೇಷ ಎಣಿಸಿದ. ಮೂರನೆಯ ದಿನ ಮಗಳೇ ಅಂಗಿ ಇಸ್ತ್ರಿ ಮಾಡಿ ಕೈಗಿತ್ತಳು.

ಅತ್ತಿಗೆ ಬಾಗಿಲಿನ ಬೆಳಕಿಗೆ ಕುರ್ಚಿ ಹಾಕಿಕೊಂಡು ಒಂದು ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು. ಎಂಬತ್ತಾದರೂ ಸೂಜಿ ಬಿಟ್ಟಿರಲಿಲ್ಲ.

"ಬಾ ಮಾರಾಯ. ಬಾಗಿಲು ದಾಟೋಕೆ ಒಂಬತ್ತು ವರ್ಷ ಬೇಕಾಯ್ತಾ? ಕಾಲಿಗೇನಾಗಿತ್ತು?"

"ಕಾಲಿಗೇನೂ ಆಗಿರಲಿಲ್ಲ, ಅತ್ತಿಗೆ."

"ಗೊತ್ತು. ಕಾಯಿಲೆ ಇರೋದು ಇನ್ನೂ ಮೇಲೆ," ಎಂದು ಅವಳು ಸೂಜಿಯ ತುದಿಯಿಂದ ಅವನ ತಲೆ ತೋರಿಸಿದಳು.

ಅವನು ಗಿಳಿ ಬಂದ ಸುದ್ದಿ ಹೇಳಿದ. ಮರ ಬೇಕು ಅಂದ. ಅವಳು ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟು, ಗೋಡೆ ಹಿಡಿದುಕೊಂಡು ಎದ್ದಳು.

ಬಲಗಡೆಯ ಮರ ಹಿತ್ತಲ ಬಾಗಿಲಿನ ಪಕ್ಕದಲ್ಲಿತ್ತು. ಅದರ ಮೇಲೆ ಮೂರು ಹೂಕುಂಡ. ಮೇಸ್ತ್ರಿ ಬಗ್ಗಿ ನೋಡಿದ. ಬಡಗಿ ಎಳೆದ ಪೆನ್ಸಿಲ್ ಗೆರೆಗಳು ಕುಂಡದ ಕಲೆಯ ನಡುವೆ ಇನ್ನೂ ಕಾಣುತ್ತಿದ್ದವು. ಮೊದಲ ಆರು ವರ್ಷ ಅಷ್ಟಿಷ್ಟು ತಗಡು ಕಂಡದ್ದು ಬಿಟ್ಟರೆ, ಆಮೇಲೆ ಹತ್ತು ವರ್ಷ ಒಂದು ತಗಡೂ ಅದರ ಮೈ ಮುಟ್ಟಿರಲಿಲ್ಲ.

ಎಡಗಡೆಯದು ಮೆಟ್ಟಿಲ ಕೆಳಗೆ ಹಳೆಯ ದುಪ್ಪಟಿಯೊಳಗಿತ್ತು. "ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ ಅವರು. ಕುಂಡ ಇಡ್ತೀನಿ ಅಂದ್ರೆ ಕೋಪ ಬರ್ತಿತ್ತು," ಎಂದಳು ಅತ್ತಿಗೆ. ಮೇಸ್ತ್ರಿ ಮಂಡಿಯೂರಿ ದುಪ್ಪಟಿ ಸರಿಸಿದ.

ಅಚ್ಚಿನ ನೆತ್ತಿಯ ಉದ್ದಕ್ಕೂ, ಮಡ್‌ಗಾರ್ಡಿನ ಭುಜ ಬರುವ ಜಾಗದಲ್ಲಿ, ಚರ್ಮ ಹೊಡೆದಿದ್ದರು. ಸೀಟಿಗೆ ಹಾಕುವ ಕಂದು ಚರ್ಮ, ಒಂದರ ಮೇಲೊಂದು ಮೂರು ಪದರ, ಅಂಚುಗಳನ್ನು ತೆಳ್ಳಗೆ ಹೆರೆದು ಮರದೊಂದಿಗೆ ಸೇರಿಸಿದ್ದರು. ಸುತ್ತ ಸಾಲಾಗಿ ಗುಂಡುತಲೆಯ ಸಣ್ಣ ಮೊಳೆಗಳು. ಅಲ್ಯೂಮಿನಿಯಂ ತಗಡು ಕೂತು ಎದ್ದು, ಕೂತು ಎದ್ದು ಚರ್ಮವೆಲ್ಲ ಬೂದುಬಣ್ಣಕ್ಕೆ ತಿರುಗಿ ನುಣುಪಾಗಿತ್ತು.

"ಇದ್ಯಾವ ಕಸ?" ಎಂದು ಮೇಸ್ತ್ರಿ ಮೊಳೆಯೊಂದಕ್ಕೆ ಉಗುರು ಹಾಕಿದ.

"ಕೀಳಬೇಡ," ಎಂದಳು ಅತ್ತಿಗೆ. "ಅದು ನಿನ್ನ ಅಳತೆ."

ಮೇಸ್ತ್ರಿಗೆ ಕಿವಿ ಮಂದವಾದದ್ದಕ್ಕೆ ತಪ್ಪಾಗಿ ಕೇಳಿಸಿತೇನೋ ಅನ್ನಿಸಿತು. ಆದರೆ ಈ ಸಲ ಕಿವಿ ಚೆನ್ನಾಗಿಯೇ ಕೇಳಿತ್ತು.

"ಆ ಶುಕ್ರವಾರ ನೀನು ಮುಖ ಊದಿಸ್ಕೊಂಡು ಮನೆಗೆ ಹೋದ್ಯಲ್ಲ, ಆಮೇಲೆ ಅವರು ನಿನ್ನ ಮಡ್‌ಗಾರ್ಡು ಬಿಚ್ಚಿ ನಿನ್ನ ಮರದ ಮೇಲಿಟ್ಟು ನೋಡಿದ್ರು. ಭುಜದ ಹತ್ರ ಮರಕ್ಕೂ ತಗಡಿಗೂ ನಡುವೆ ಕಿರುಬೆರಳು ಆಚೆಯಿಂದ ಈಚೆಗೆ ಹೋಗ್ತಿತ್ತು. ತಪ್ಪಿದ್ದು ನೀನು. ಸೋಮವಾರ ಯಜಮಾನ ಮರದ ಮೇಲಿಟ್ಟಿದ್ರೆ ನಿನ್ನ ಕೆಲಸ ಹೋಗ್ತಿತ್ತು."

"ನಂಗೆ ಹೇಳಬಹುದಿತ್ತಲ್ಲ..."

"ಹೇಳಿದ್ರಲ್ಲ! ನಲವತ್ತು ಜನರ ಮುಂದೆ ಹೇಳಿದ್ರು. ನೀನು ಏನಂದೆ?"

ಏನಂದೆ ಎಂಬುದು ಅವನಿಗೆ ನೆನಪಿತ್ತು. ಅದನ್ನೇ ನಲವತ್ತೆಂಟು ವರ್ಷ ಕಂಡಕಂಡವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದ.

"ಶನಿವಾರ ಭಾನುವಾರ ಎರಡು ದಿನವೂ ಇಬ್ಬರೇ ಕಾರ್ಖಾನೇಲಿದ್ವಿ," ಅತ್ತಿಗೆ ಮೆಟ್ಟಿಲ ಮೇಲೆ ಕೂತಳು. "ನಾನು ಸೀಟಿನ ಚರ್ಮ ಕತ್ತರಿಸಿ ಕೊಟ್ಟೆ. ಒಂದು ಪದರ ಸಾಲಲಿಲ್ಲ, ಎರಡು ಸಾಲಲಿಲ್ಲ, ಮೂರು ಹಾಕಿದ್ಮೇಲೆ ನಿನ್ನದಕ್ಕೆ ಸರಿಹೋಯ್ತು. ಐದು ಗಾಡಿದೂ ಎಡಗಡೆ ಬಿಚ್ಚಿ, ಎಬ್ಬಿಸಿ, ಮತ್ತೆ ಏರಿಸಿದ್ರು. ಅವರ ಅಂಗೈ ಒಡೆದುಹೋಗಿತ್ತು. ಸರಿಯಾಗಿರೋದನ್ನ ಯಾಕ್ರೀ ಕೆಡಿಸ್ತೀರಾ ಅಂದೆ. ಏನಂದ್ರು ಗೊತ್ತಾ?"

ಮೇಸ್ತ್ರಿ ಮೊಳೆಯ ಮೇಲಿಂದ ಉಗುರು ತೆಗೆದ.

"'ಅವನು ತಪ್ಪಿದಾನೆ, ನಿಜ. ಆದ್ರೆ ನೋಡು, ತಪ್ಪೇ ಚೆಂದ ಇದೆ. ಮರಕ್ಕಿಂತ ಚೆಂದ ಇದೆ. ಇದನ್ನ ಅವನಿಗೆ ಹೇಳ್ಬೇಡ, ತಲೆ ಮೇಲೆ ಹತ್ತಿ ಕೂತ್ಕೋತಾನೆ. ಅವನಾಗೇ ಬಂದು ಮರ ಕೇಳಿದ ದಿನ ಹೇಳು' ಅಂದ್ರು. ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ಕಾದ್ರು. ಹತ್ತು ವರ್ಷ ಪಕ್ಕದಲ್ಲೇ ಇತ್ತು ಮರ. ಆ ಕಡೆ ತಿರುಗಿ ಕೂಡ ನೋಡಲಿಲ್ಲ. ನೀನು ಕೇಳಲೇ ಇಲ್ಲ."

ಎಪ್ಪತ್ತನಾಲ್ಕರ ಮುದುಕ ಮೆಟ್ಟಿಲ ಕೆಳಗಿನ ಧೂಳಿನಲ್ಲಿ ಕೂತು ಅತ್ತ. ಅತ್ತಿಗೆ ಸಮಾಧಾನ ಮಾಡಲಿಲ್ಲ. ಅಳುವುದಕ್ಕೆ ಅವನಿಗೆ ಹಕ್ಕಿತ್ತು, ತಡವಾಗಿತ್ತು ಅಷ್ಟೇ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಳ್ಳಲು ಅದೇ ದುಪ್ಪಟಿಯ ತುದಿ ಕೊಟ್ಟಳು.

ಎರಡೂ ಮರಗಳು ಶೆಡ್ಡಿಗೆ ಬಂದವು. ಮೇಸ್ತ್ರಿ ಮೊದಲು ಮಾಡಿದ ಕೆಲಸವೆಂದರೆ ಗಿಳಿಯ ಬಲಗಡೆ ಮಡ್‌ಗಾರ್ಡನ್ನು ಬಿಚ್ಚಿ ಬಲಗಡೆಯ ಮರದ ಮೇಲೆ ಹೊದಿಸಿದ್ದು. ಅಂಚುಗಳೆಲ್ಲ ಕೂತವು. ಭುಜದ ಕೆಳಗೆ ಕಿರುಬೆರಳು ಹಾಕಿದ. ಸಲೀಸಾಗಿ ಹೋಯಿತು. ತೆಗೆದ, ಮತ್ತೆ ಹಾಕಿದ. ಆಮೇಲೆ ಮಗಳನ್ನು ಕರೆದು, "ನೀನೂ ಹಾಕಿ ನೋಡು," ಎಂದ. ಅವಳು ಹಾಕಿ ನೋಡಿದಳು.

"ನಮ್ಮಣ್ಣ ಸೋತ ಅಂತ ಹೇಳ್ತಿದ್ನಲ್ಲ, ಅದು ಸುಳ್ಳು," ಎಂದ. "ನಾಳೆಯಿಂದ ಯಾರಾದ್ರೂ ಕೇಳಿದ್ರೆ ನೀನೇ ಸರಿಯಾಗಿ ಹೇಳ್ಬಿಡು. ನನ್ನ ಬಾಯಿಗೆ ಹಳೇದೇ ಅಭ್ಯಾಸ."

ಹಲ್ಲಿನ ಡಾಕ್ಟರನ್ನು ಕರೆಸಿ ಎಲ್ಲ ಹೇಳಿದ. ಚರ್ಮ ಕಿತ್ತು, ಮರ ಹೇಳಿದಂತೆ ಎಡಗಡೆ ಮಾಡುತ್ತೇನೆ, ಬಲಗಡೆಯದನ್ನೂ ಇಳಿಸಿ ಸರಿಮಾಡಿಕೊಡುತ್ತೇನೆ, ಕೂಲಿ ಬೇಡ ಅಂದ. ಪ್ರಾಯಶ್ಚಿತ್ತದ ಹುರುಪಿನಲ್ಲಿದ್ದ ಮನುಷ್ಯ. ಡಾಕ್ಟರು ಕೈ ಅಡ್ಡ ಹಿಡಿದಳು.

"ಒಂದು ನಿಮಿಷ. ನಮ್ಮಪ್ಪ ಭಾನುವಾರ ಭಾನುವಾರ ನನ್ನ ಪಕ್ಕ ಕೂರಿಸ್ಕೊಂಡು ಊರಾಚೆ ಹೋಗ್ತಿದ್ರು. ನಾನು ಗಿಡ್ಡಿ, ರಸ್ತೆ ಕಾಣ್ತಿರಲಿಲ್ಲ. ಕಾಣ್ತಿದ್ದಿದ್ದು ಆ ಎರಡು ಭುಜ, ಅದರ ಮೇಲೆ ಓಡೋ ಮರದ ನೆರಳು, ಅಷ್ಟೇ. ನೀವು ಅದನ್ನ ಇಳಿಸಿದ್ರೆ ನಿಮ್ಮ ಲೆಕ್ಕ ಸರಿಹೋಗುತ್ತೆ, ನಮ್ಮಪ್ಪನ ಗಾಡಿ ಹೋಗುತ್ತೆ."

"ಆದ್ರೆ ಅದು ತಪ್ಪು, ಡಾಕ್ಟ್ರಮ್ಮ."

"ಎರಡು ಮುಂದಿನ ಹಲ್ಲಿನ ಮಧ್ಯೆ ಸಂದಿ ಇರೋದೂ ತಪ್ಪೇ. ಎಷ್ಟು ಜನ ಆ ನಗು ನೋಡಿ ಮದುವೆಯಾಗಿದಾರೆ ಗೊತ್ತಾ? ಚರ್ಮ ಮುಟ್ಟಬೇಡಿ."

ಅಣ್ಣ ಹೇಳಿದ್ದೂ ಅದೇ ಮಾತಲ್ಲವೇ ಎಂದು ಮೇಸ್ತ್ರಿಗೆ ಅನ್ನಿಸಿತು. ಚರ್ಮ ಹಾಗೇ ಉಳಿಯಿತು.

ಹನ್ನೊಂದು ದಿನ ಹಿಡಿಯಿತು. ಅಣ್ಣನ ಜಾಗದಲ್ಲಿ ನಿಂತು, ಅಣ್ಣ ತಿರುಗುತ್ತಿದ್ದ ಕಡೆ ತಿರುಗಿ, ಎಲ್ಲವನ್ನೂ ಹಿಂದುಮುಂದಾಗಿ ಕಲಿತ. ಹತ್ತು ಏಟಿಗೊಮ್ಮೆ ತಗಡನ್ನು ಎತ್ತಿ ಮರದ ಮೇಲಿಡುತ್ತಿದ್ದ. "ಇಲ್ಲಿ ಎದ್ದಿದೆಯಾ? ಸರಿ. ಇಲ್ಲಿ?" ಎಂದು ಅದರೊಂದಿಗೆ ಮಾತಾಡುತ್ತಿದ್ದ. ಬೀದಿಯಲ್ಲಿ ಹೋಗುವವರು ಮುದುಕನಿಗೆ ಅರಳುಮರಳು ಶುರುವಾಯಿತು ಅಂದುಕೊಂಡರು. ಮಗಳು ಪುಟ್ಟಿಯ ಡಬ್ಬ ಪಕ್ಕಕ್ಕಿಟ್ಟು ಸಂಜೆಯ ಹೊತ್ತು ತಗಡಿನ ಇನ್ನೊಂದು ತುದಿ ಹಿಡಿದು ನಿಲ್ಲತೊಡಗಿದಳು. ಹನ್ನೊಂದನೆಯ ದಿನ ತಗಡು ಚರ್ಮದ ಮೇಲೆ ಎಲ್ಲೂ ಅಲುಗದೆ ಕೂತಾಗ, ಆ ಬೂದು ಚರ್ಮದ ಮೇಲೆ ಇನ್ನೊಂದು ಹೊಸ ಬೂದು ಗೆರೆ ಮೂಡಿತ್ತು.

ಎರಡೂ ಮಡ್‌ಗಾರ್ಡುಗಳನ್ನು ಗಾಡಿಗೆ ಏರಿಸಿದ ದಿನ ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಿ ಬಂದಳು. ಅತ್ತಿಗೆಯನ್ನು ಆಟೋದಲ್ಲಿ ಕರೆತಂದು ಗಿಳಿಯ ಸೀಟಿನಲ್ಲೇ ಕೂರಿಸಿದರು. ಅವಳು ಕೂತ ತಕ್ಷಣ ಸೀಟಿನ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಎಣಿಸಿ, "ನಂದೇ. ನೋಡಿ, ಇವತ್ತಿಗೂ ಒಂದು ಎಳೆ ಬಿಟ್ಟಿಲ್ಲ. ಹೊಲಿಗೆಯವರು ಯಾವತ್ತೂ ಜಗಳ ಆಡಲಿಲ್ಲ ಅನ್ನೋದೇ ಕಾರಣ," ಎಂದಳು.

ಮಗಳು ಹಲಗೆ ಅಡ್ಡ ಇಟ್ಟು ಅದರ ಮೇಲೆ ರಸಮಟ್ಟ ಇಟ್ಟಳು. ಗುಳ್ಳೆ ಸ್ವಲ್ಪ ತೂಗಾಡಿ ನಡುವೆ ನಿಂತಿತು. "ಸಮ ಇದೆ ಅಪ್ಪ," ಎಂದಳು. ಡಾಕ್ಟರು ಚಪ್ಪಾಳೆ ತಟ್ಟಿದಳು. ಮೇಸ್ತ್ರಿಯ ಮುಖದಲ್ಲಿ ಮಾತ್ರ ಕೆಲಸ ಮುಗಿದ ಕಳೆ ಇರಲಿಲ್ಲ.

ಅವನು ಕೊಡತಿಯನ್ನು ಎಡಗಡೆಯ ನೆಲದ ಮೇಲಿಟ್ಟ. ಗಾಡಿಯ ಮೂತಿಯನ್ನು ಸುತ್ತುಹಾಕಿ ಬಲಗಡೆಗೆ, ಹದಿನಾರು ವರ್ಷ ತಾನು ನಿಂತಿದ್ದ ಬದಿಗೆ ಬಂದ. ಬಗ್ಗಿ ನೋಡಿದ. ಎದ್ದು ನೋಡಿದ. ಬಾನೆಟ್ಟಿನ ಆಚೆ ಎಡಗಡೆಯ ಭುಜ ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು, ಅದರ ಹಿಂದೆ ಯಾರೂ ಇರಲಿಲ್ಲ.  ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

"ಕೂತಿತು, ಅಣ್ಣ," ಅಂದ.

ಗಾಡಿಯೊಳಗಿಂದ ಅತ್ತಿಗೆ ತಿರುಗಿ ನೋಡಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಆದರೂ ಅವಳು ಅವಳೇ.

"ಜೋರಾಗಿ ಹೇಳೋ," ಅಂದಳು. "ಅವರಿಗೂ ಕಿವಿ ಮಂದ ಇತ್ತು."

ಮೇಸ್ತ್ರಿ ಜೋರಾಗಿ ಹೇಳಿದ.